ಗಂಗಿಯ ಕೊಡ, ನಮ್ಮ ಬೋರ್‌ವೆಲ್ಲು

ಪ್ರೇಮಚಂದರ ‘ಠಾಕೂರನ ಬಾವಿ’ 1932ರ ಹಿಂದಿ ಕಥೆ. ಅಸ್ಪೃಶ್ಯ ಜೋಖು ಕಾಯಿಲೆ ಬಿದ್ದಿದ್ದಾನೆ. ಅವರು ಸೇದುವ ಬಾವಿಯಲ್ಲಿ ಯಾವುದೋ ಪ್ರಾಣಿ ಸತ್ತು ನೀರು ನಾರುತ್ತಿದೆ. ಹೆಂಡತಿ ಗಂಗಿ ರಾತ್ರಿಯಲ್ಲಿ ಕದ್ದು ಠಾಕೂರನ ಬಾವಿಗೆ ಹೋಗುತ್ತಾಳೆ. ಕೊಡ ಮೇಲೆ ಬರುವಷ್ಟರಲ್ಲಿ ಠಾಕೂರನ ಮನೆ ಬಾಗಿಲು ತೆರೆಯುತ್ತದೆ. ಹಗ್ಗ ಕೈಬಿಟ್ಟು ಓಡುತ್ತಾಳೆ. ಮನೆಗೆ ಬಂದರೆ ಜೋಖು ಅದೇ ನಾರುವ ನೀರು ಕುಡಿಯುತ್ತಿದ್ದಾನೆ.

ಈ ಕಥೆಯನ್ನು ನಾವು ಪಾವಗಡ ಸೀಮೆಯ ಒಂದು ಕೇರಿಯಲ್ಲಿ ಕೂತು ಓದಿದೆವು. ಕುತ್ತಿಗೆ ತಿರುಗಿಸಲಾಗದ ಅಜ್ಜಿಯೊಬ್ಬಳು ಪೂರ್ತಿ ಕೇಳಿ ಅಂದದ್ದು ಇಷ್ಟು: “ಅವಳ ನೀರು ನಾರ್ತಿತ್ತಲ್ಲಪ್ಪ, ಗೊತ್ತಾಯ್ತು. ನಮ್ದು ನಾರಲೇ ಇಲ್ಲ. ತಿಳಿಯಾಗೈತೆ ಅಂತ ಮಕ್ಕಳಿಗೂ ಕುಡಿಸಿದ್ವಿ.”

ನಾವು ಓದಿದ ಯಾವ ವಿಮರ್ಶೆಯೂ ಇಷ್ಟು ಹತ್ತಿರಕ್ಕೆ ಬಂದಿಲ್ಲ. ಅಜ್ಜಿ ಹೇಳಿದ ನೀರು ಫ್ಲೋರೈಡಿನ ನೀರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆರೆ ಬತ್ತಿ, ಬಾವಿ ಬತ್ತಿ, ಬಂಡೆ ಕೊರೆದು ಆಳಕ್ಕೆ ಇಳಿದಷ್ಟೂ ಕಲ್ಲಿನೊಳಗಿನ ಫ್ಲೋರೈಡು ನೀರಿಗೆ ಕೂಡುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ, ಎನ್ನುತ್ತದೆ ಸರ್ಕಾರಿ ಮಾನದಂಡ. ಅದು ಮೀರಿದ ನೀರು ಕುಡಿದು ಬೆಳೆದ ಕೂಸಿಗೆ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ, ಉಜ್ಜಿದರೆ ಹೋಗುವುದಲ್ಲ. ತೀರಾ ಹೆಚ್ಚಿದ್ದ ನೀರನ್ನೇ ವರ್ಷಾನುಗಟ್ಟಲೆ ಕುಡಿದರೆ ಕುತ್ತಿಗೆ, ಸೊಂಟ, ಮಂಡಿ ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಬಾಗಿದ್ದನ್ನು ನೆಟ್ಟಗೆ ಮಾಡುವ ಔಷಧಿಯಿಲ್ಲ.

ಪ್ರೇಮಚಂದರು ಕಥೆಯ ನಡುವೆ ಒಂದು ಮಾತು ತರುತ್ತಾರೆ: ನೀರು ಕುದಿಸಿದರೆ ಕೆಡುಕು ಹೋಗುತ್ತದೆಂದು ಗಂಗಿಗೆ ತಿಳಿದಿರಲಿಲ್ಲವಂತೆ. ದೊಡ್ಡ ಲೇಖಕನ ಮೇಲೆ ಗೌರವವಿಟ್ಟೇ ನಾವು ಕೇಳುತ್ತೇವೆ, ಈ ಮಾತು ಅಲ್ಲಿ ಯಾಕೆ ಬೇಕಿತ್ತು? ಬಾವಿಗೆ ಕಾವಲು ಕೂತವನು ಠಾಕೂರ, ದಡ್ಡಿ ಅನ್ನಿಸಿಕೊಂಡವಳು ಗಂಗಿ. ಇವತ್ತಿಗೂ ಮೇಲಿನವರ ಆರೋಗ್ಯ ಪಾಠ ಇದೇ ಧಾಟಿಯದು: ಕಾಯಿಸಿ ಕುಡೀರಿ, ಹಲ್ಲು ಉಜ್ಜಿರಿ, ಶುಚಿಯಾಗಿರಿ. ಫ್ಲೋರೈಡಿನ ನೀರನ್ನು ಕುದಿಸಿದರೆ ನೀರು ಇಂಗುತ್ತದೆ, ವಿಷ ಉಳಿದು ಗಟ್ಟಿಯಾಗುತ್ತದೆ. ಹಾಗಾದರೆ ತಿಳಿಯದವರು ಯಾರು? ನೆಲ್ಲೂರು ಸೀಮೆಯಲ್ಲಿ ಈ ರೋಗವಿದೆಯೆಂದು ವೈದ್ಯರು ಬರೆದದ್ದು 1937ರಲ್ಲಿ, ಕಥೆ ಬಂದು ಐದೇ ವರ್ಷಕ್ಕೆ.

ಇನ್ನು ಕೆಲವರು ಹೇಳುತ್ತಾರೆ: ಕೇರಿಗೂ ನಲ್ಲಿ ಬಂತು, ಠಾಕೂರನ ನಲ್ಲಿಯಲ್ಲೂ ಅದೇ ನೀರು, ವಿಷಕ್ಕೆ ಜಾತಿಯಿಲ್ಲ, ಕಥೆ ಹಳತಾಯ್ತು. ಇದನ್ನು ನಾವು ಒಪ್ಪುವುದಿಲ್ಲ. ವಿಷಕ್ಕೆ ಜಾತಿಯಿಲ್ಲದಿರಬಹುದು, ಅದನ್ನು ತಡೆಯುವ ಹಾಲಿಗೆ, ಸೊಪ್ಪಿಗೆ ಕಾಸು ಬೇಕು. 1973ರಲ್ಲಿ ನಲ್ಗೊಂಡ ಸೀಮೆಯಲ್ಲಿ ಮಂಡಿ ಒಳಕ್ಕೆ ತಿರುಗಿದ ಹುಡುಗರನ್ನು ಕಂಡು ಹೈದರಾಬಾದಿನ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬರೆದರು. ಹೊಟ್ಟೆಗಿಲ್ಲದ ಮೈಯನ್ನು ಈ ನೀರು ಬೇಗ ಮುರಿಯುತ್ತದೆ. ಉಳ್ಳವನ ಮನೆಯಲ್ಲಿ ಶುದ್ಧೀಕರಣ ಯಂತ್ರ. ಊರ ನಡುವಿನ ಘಟಕದಲ್ಲಿ ನಾಣ್ಯ ಹಾಕಿದರೆ ಒಂದು ಕ್ಯಾನು. ಕೂಲಿಯವಳು ಆ ಕ್ಯಾನು ಕುಡಿಯಲು ಇಟ್ಟುಕೊಂಡು, ಮುದ್ದೆಗೆ, ಸಾರಿಗೆ ಬೋರಿನ ನೀರನ್ನೇ ಸುರಿಯುತ್ತಾಳೆ. ಘಟಕ ಕೆಟ್ಟ ದಿನ ಜೋಖುವಿನ ಹಾಗೆ ಇದ್ದದ್ದನ್ನೇ ಕುಡಿಯುತ್ತಾಳೆ.

1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದರು. ಮನುಷ್ಯರೆನಿಸಿಕೊಳ್ಳಲು ಆ ಬೊಗಸೆ ಬೇಕಿತ್ತು. ನೀರು ಮುಟ್ಟುವ ಹಕ್ಕನ್ನು ನಮ್ಮ ಸಾಹಿತ್ಯ ಎದೆ ತುಂಬಿ ಹಾಡಿದೆ, ಇನ್ನೂ ಹಾಡಬೇಕು. ಆದರೆ ಮುಟ್ಟಿದ ನೀರೇ ಮೂಳೆ ತಿನ್ನುವಾಗ ನಮ್ಮ ಕಥೆ ಎಲ್ಲಿ? ಶಾಲೆಯ ಫೋಟೋಕ್ಕೆ ಬಾಯಿ ಮುಚ್ಚಿ ನಿಲ್ಲುವ ಹುಡುಗಿ, ಕಳೆ ಕೀಳಲು ಕೂತು ಮೇಲೇಳಲಾಗದ ಆಳು, ನಲವತ್ತಕ್ಕೇ ಕೋಲು ಹಿಡಿದ ಅಪ್ಪ, ಇವರು ನಮ್ಮ ಪುಟಗಳಿಗೆ ಬಂದಿದ್ದಾರೆಯೇ?

ಹಳ್ಳಿ ಮೇಷ್ಟ್ರುಗಳಿಗೆ ನಮ್ಮದೊಂದು ಮಾತು. ಈ ಕಥೆ ಪಾಠ ಮಾಡುವ ದಿನ ಮಕ್ಕಳನ್ನು ಬಾಯಿ ತೆರೆಯಲು ಹೇಳಿ, ಅವರ ಹಲ್ಲನ್ನು ಓದಿ. ನಿಮ್ಮೂರಿನ ಬೋರ್‌ವೆಲ್ಲಿನಲ್ಲಿ ಎಷ್ಟು ಫ್ಲೋರೈಡು ಇದೆ ಅಂತ ಪಂಚಾಯ್ತಿಯಲ್ಲಿ ಕೇಳಿ, ಬಂದ ಅಂಕಿಯನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಪ್ರೇಮಚಂದರು ನಿಲ್ಲಿಸಿದಲ್ಲಿಂದ ಕಥೆ ಮುಂದುವರಿಯಬೇಕಾದ್ದು ಅಲ್ಲಿಂದ.