ಒಂದು ಯಂತ್ರ, ಹಲವು ಪೈಥಾನ್

ಪೈಥಾನ್ ಕಲಿಯಲು ಸುಲಭ. ಅದನ್ನು ಸ್ವಂತ ಕಂಪ್ಯೂಟರಿನಲ್ಲಿ ಹದವಾಗಿ ಇಟ್ಟುಕೊಳ್ಳುವುದು ಕಷ್ಟ. ಈ ಕಷ್ಟಕ್ಕೆ ಕಲಿಯುವವರ ಅಜ್ಞಾನವನ್ನು ದೂರುವುದು ತಪ್ಪು. ದೋಷವಿರುವುದು ಅದನ್ನು ನಮಗೆ ಒದಗಿಸುವ ವಿಧಾನದಲ್ಲಿ.

ಉಬುಂಟುವನ್ನೇ ನೋಡಿ. ಅಲ್ಲಿ ಮೊದಲೇ ಇರುವ ಪೈಥಾನ್ ನಮಗಾಗಿ ಇಟ್ಟದ್ದಲ್ಲ, ಆಪರೇಟಿಂಗ್ ಸಿಸ್ಟಮ್ ತನ್ನ ಕೆಲಸಕ್ಕೆ ಇಟ್ಟುಕೊಂಡದ್ದು. ಹೊಸ ಆವೃತ್ತಿಯ ಆಸೆಗೆ ಅದರ ಕೊಂಡಿಯನ್ನು ಬದಲಿಸಿದರೆ ಟರ್ಮಿನಲ್ಲೇ ತೆರೆಯದೆ ಹೋಗಬಹುದು. ಲೈಬ್ರರಿಗಳ ಕಥೆಯೂ ಹೀಗೆಯೇ. ಸಿಸ್ಟಮ್ಮಿನ ಪ್ಯಾಕೇಜ್ ಸಾಧನ ‘ಆಪ್ಟ್’ ಹಾಕಿದ್ದರ ಲೆಕ್ಕ ಆಪ್ಟ್ ಬಳಿ, ಪೈಥಾನಿನ ಸಾಧನ ‘ಪಿಪ್’ ಹಾಕಿದ್ದರ ಲೆಕ್ಕ ಪಿಪ್ ಬಳಿ. ಇವೆರಡೂ ಒಂದೇ ಲೈಬ್ರರಿಯ ಬೇರೆಬೇರೆ ಆವೃತ್ತಿಗಳನ್ನು ತಂದಾಗ ಯಾವುದು ಓಡುತ್ತಿದೆ ಎಂಬುದು ಅನುಭವಿಗಳಿಗೂ ತಟ್ಟನೆ ಹೊಳೆಯುವುದಿಲ್ಲ.

ಉಬುಂಟುವಿಗೆ ಮೂಲವಾದ ಡೆಬಿಯನ್, 2023ರಲ್ಲಿ ಬಂದ ತನ್ನ 12ನೇ ಆವೃತ್ತಿಯಲ್ಲಿ ಈ ಬೆರಕೆಗೆ ಬೀಗ ಹಾಕಿತು. ಸಿಸ್ಟಮ್ಮಿನ ಪೈಥಾನಿಗೆ ಪಿಪ್ ಮೂಲಕ ಏನನ್ನಾದರೂ ಸೇರಿಸಲು ಹೋದರೆ ಈಗ ತಡೆಯುತ್ತದೆ. ಇದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ. ಆದರೆ ತಡೆಯುವ ಸಂದೇಶವೇ ಬೀಗ ಮುರಿಯುವ ಆಯ್ಕೆಯನ್ನೂ ಹೇಳಿಕೊಡುತ್ತದೆ. ಅವಸರದಲ್ಲಿರುವ ವಿದ್ಯಾರ್ಥಿ ಅದನ್ನೇ ಹಿಡಿಯುತ್ತಾನೆ. ಅದೇ ಸಂದೇಶ ಸೂಚಿಸುವ ಸುರಕ್ಷಿತ ದಾರಿ ‘ವೆನ್ವ್’, ಅಂದರೆ ಪ್ರತಿ ಪ್ರಾಜೆಕ್ಟಿಗೂ ಪ್ರತ್ಯೇಕ ಲೈಬ್ರರಿಗಳ ಫೋಲ್ಡರು. 2012ರ ಪೈಥಾನ್ 3.3ರಿಂದಲೂ ಇದು ಭಾಷೆಯ ಜೊತೆಗೇ ಬರುತ್ತಿದೆ. ಡೆಬಿಯನ್ ಮಾತ್ರ ಇದಕ್ಕೆ ಬೇಕಾದ ಭಾಗವನ್ನು ಬೇರೆ ಪ್ಯಾಕೇಜಿನಲ್ಲಿ ಇಟ್ಟಿದೆ! ಒಂದು ಬಾಗಿಲು ಮುಚ್ಚಿದವರು ಇನ್ನೊಂದನ್ನು ಪೂರ್ತಿ ತೆರೆದಿಡಬೇಕಿತ್ತು.

ವಿಂಡೋಸಿನ ತೊಂದರೆ ಬೇರೆ. ಅಲ್ಲಿ ಇನ್‌ಸ್ಟಾಲರಿನ ಕೆಳಗಿನ ‘ಪಾತ್’ ಚೌಕಕ್ಕೆ ಗುರುತು ಹಾಕಲು ಮರೆತವರು ‘ಪೈಥಾನ್’ ಎಂದು ಟೈಪಿಸಿದರೆ ಮೈಕ್ರೋಸಾಫ್ಟ್ ಸ್ಟೋರ್ ಎದುರಾಗುತ್ತದೆ.

ವೆನ್ವ್ ಲೈಬ್ರರಿಗಳನ್ನು ಬೇರ್ಪಡಿಸುತ್ತದೆ, ಪೈಥಾನಿನ ಬೇರೆ ಆವೃತ್ತಿಯನ್ನು ತಂದುಕೊಡುವುದಿಲ್ಲ. ಆ ಕೆಲಸಕ್ಕಿರುವ ‘ಪೈಎನ್ವ್’ ಸಾಮಾನ್ಯವಾಗಿ ಮೂಲ ಕೋಡಿನಿಂದಲೇ ಪೈಥಾನನ್ನು ಕಟ್ಟುವುದರಿಂದ ಕಂಪೈಲರ್ ಮತ್ತಿತರ ಸರಂಜಾಮು ಬೇಕು. 2024ರಲ್ಲಿ ಆಸ್ಟ್ರಲ್ ಕಂಪನಿ ತಂದ ‘ಯುವಿ’ ಎರಡನ್ನೂ ಒಂದೇ ಕಡೆ ಮಾಡುತ್ತದೆ: ಸಿದ್ಧ ಪೈಥಾನನ್ನು ಇಳಿಸಿಕೊಂಡು, ಪ್ರಾಜೆಕ್ಟಿನ ಒಳಗೇ ವೆನ್ವ್ ಪರಿಸರವನ್ನು ಕಟ್ಟಿಕೊಡುತ್ತದೆ. ಇಂದು ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ.

ಆದರೂ ಇಂಥ ಬುನಾದಿಯ ಕೆಲಸ ಹೊರಗಿನ ಕಂಪನಿಯೊಂದರ ಮೇಲೆ ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ. ರಸ್ಟ್ ಭಾಷೆಗೆ ಅದರ ಯೋಜನೆಯೇ ‘ರಸ್ಟಪ್’ ಎಂಬ ಇಂಥ ಸಾಧನವನ್ನು ಕೊಟ್ಟಿದೆ. ಪೈಥಾನ್ ತಂಡವೂ 2025ರಲ್ಲಿ ತನ್ನದೇ ಇನ್‌ಸ್ಟಾಲ್ ಮ್ಯಾನೇಜರನ್ನು ತಂದಿತು, ಆದರೆ ವಿಂಡೋಸಿಗೆ ಮಾತ್ರ. ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೂ ಅದೇ ತಂಡ ಅಂಥದ್ದನ್ನು ಕೊಡಬೇಕು.