ವರ್ಣಮಾತ್ರದಿಂದ ರಸವುಂಟೆ?

ಚಿತ್ರದಲ್ಲಿ ರೇಖೆ ಮೇಲೋ ವರ್ಣ ಮೇಲೋ ಎಂಬ ವಿವಾದವು ಬಹು ಪ್ರಾಚೀನವಾದುದು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಆಚಾರ್ಯರು ರೇಖೆಯನ್ನು ಕೊಂಡಾಡುವರೆಂದೂ, ವಿಚಕ್ಷಣರು ನೆಳಲು ಬೆಳಕುಗಳ ವರ್ತನೆಯನ್ನು ಮೆಚ್ಚುವರೆಂದೂ, ಬಣ್ಣದ ಸಮೃದ್ಧಿಗೆ ಮನಸೋಲುವವರು ಇತರ ಜನರೆಂದೂ ವಿಭಾಗಿಸಿ, ವರ್ಣಕ್ಕೆ ಕಡೆಯ ಪಂಕ್ತಿಯಲ್ಲಿ ಎಲೆ ಹಾಕಿತು. ಪಾಶ್ಚಾತ್ಯರಲ್ಲಿಯೂ ಈ ವ್ಯಾಜ್ಯವಿಲ್ಲದೆ ಇರಲಿಲ್ಲ. ೧೭ನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ ನಗರದ ರಾಜಾಶ್ರಿತ ಕಲಾಪರಿಷತ್ತಿನಲ್ಲಿ ಪೂಸ್ಸಾಂನ ಪಕ್ಷದವರು ರೇಖೆಯನ್ನೂ, ರೂಬೆನ್ಸನ ಪಕ್ಷದವರು ವರ್ಣವನ್ನೂ ಎತ್ತಿಹಿಡಿದು ಬಹುಕಾಲ ವಾದಿಸಿದರು. ಆದರೆ ಒಂದು ವಿಷಯದಲ್ಲಿ ಉಭಯಪಕ್ಷಗಳಿಗೂ ಸಮ್ಮತಿಯಿತ್ತು: ಚಿತ್ರವೆಂದಮೇಲೆ ಅದು ಯಾವುದಾದರೊಂದು ವಸ್ತುವಿನ ಚಿತ್ರವಾಗಿರಬೇಕು. ದೇವತೆಯೋ ಮನುಷ್ಯನೋ ಗಿಡಮರವೋ ಇಲ್ಲದೆ ವರ್ಣವೊಂದೇ ನಿಂತೀತೆಂದು ಯಾರೂ ಎಣಿಸಿರಲಿಲ್ಲ.

ಆ ಸಮ್ಮತಿಯನ್ನು ಮುರಿದ ಪಂಥಗಳಲ್ಲಿ ವರ್ಣಕ್ಷೇತ್ರ ಚಿತ್ರಕಲೆಯೆಂಬುದು ಮುಖ್ಯವಾದುದು. ಅದು ಬೆಳೆದದ್ದು ೧೯೪೦ರ ದಶಕದ ಕೊನೆಯಲ್ಲಿ, ಅಮೆರಿಕದಲ್ಲಿ, ವಿಶೇಷವಾಗಿ ನ್ಯೂಯಾರ್ಕ್ ನಗರದಲ್ಲಿ. ಅದಕ್ಕೆ ಪೂರ್ವಸೂಚನೆಗಳಿಲ್ಲದಿರಲಿಲ್ಲ. ಫ್ರಾನ್ಸಿನ ಮಾತೀಸನು ೧೯೧೧ರಲ್ಲಿಯೇ ತನ್ನ ಚಿತ್ರಶಾಲೆಯ ಗೋಡೆ, ನೆಲ, ಪೀಠೋಪಕರಣಗಳೆಲ್ಲವನ್ನೂ ಒಂದೇ ಕೆಂಪಿನಲ್ಲಿ ಮುಳುಗಿಸಿದ್ದನು. ರಷ್ಯದ ಮಲೇವಿಚನು ೧೯೧೮ರಲ್ಲಿ ಬಿಳುಪಿನ ಮೇಲೆ ಬಿಳಿಯ ಚೌಕವನ್ನು ಬರೆದಿದ್ದನು. ಈ ದಾರಿಯನ್ನು ಮುಂದುವರಿಸಿದವರು ಕ್ಲಿಫರ್ಡ್ ಸ್ಟಿಲ್, ಬಾರ್ನೆಟ್ ನ್ಯೂಮನ್, ಮಾರ್ಕ್ ರಾಥ್ಕೊ ಎಂಬ ಮೂವರು. ಸ್ಟಿಲ್ಲನು ಬಣ್ಣವನ್ನು ದಪ್ಪವಾಗಿ ಮೆತ್ತಿ, ಹರಿದ ಬಟ್ಟೆಯ ಅಂಚಿನಂತಿರುವ ವಿಶಾಲವಾದ ಖಂಡಗಳನ್ನು ಪಟದಮೇಲೆ ಹರಡಿದನು. ಉಳಿದಿಬ್ಬರ ಸಾಧನೆಯನ್ನು ತುಸು ವಿವರವಾಗಿ ನೋಡುವುದು ಅವಶ್ಯಕ.

ಅದಕ್ಕೆ ಮೊದಲು ಪೂರ್ವಪಕ್ಷವನ್ನು ಕೇಳಬೇಕು. ರಸವು ಹುಟ್ಟಬೇಕಾದರೆ ವಿಭಾವಾದಿಗಳು ಬೇಕೆಂಬುದು ಭರತಮುನಿಯ ಮತ. ಶೋಕಕ್ಕೆ ಆಲಂಬನವಾಗಿ ಒಬ್ಬ ವ್ಯಕ್ತಿ, ಉದ್ದೀಪನವಾಗಿ ಒಂದು ಸನ್ನಿವೇಶ, ಅನುಭಾವವಾಗಿ ಕಣ್ಣೀರೋ ನಿಟ್ಟುಸಿರೋ ಇಲ್ಲದಿದ್ದರೆ ಕರುಣವೆಲ್ಲಿಂದ ಬಂದೀತು? ಕೆಂಪು ಬಳಿದ ಪಟವು ರಸವನ್ನು ಕೊಡುವುದಾದರೆ ಕೆಮ್ಮಣ್ಣು ಸಾರಿಸಿದ ಗೋಡೆಯೂ ಕೊಡಬೇಕಲ್ಲವೆ? ಬಳಿಯುವ ಕೂಲಿಯವನಿಗೂ ಚಿತ್ರಕಾರನಿಗೂ ಭೇದವೇನು? ಈ ಪ್ರಶ್ನೆಯನ್ನು ಪಾಮರರ ಪ್ರಶ್ನೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇದಕ್ಕೆ ಉತ್ತರ ಹೇಳಲಾಗದ ಕಲೆಯು ಹೆಚ್ಚು ದಿನ ಬಾಳಲಾರದು.

ನ್ಯೂಮನನು ೧೯೪೮ರ ಜನವರಿಯಲ್ಲಿ ಒಂದು ಚಿಕ್ಕ ಪಟಕ್ಕೆ ಕೆಂಗಾವಿಯ ಬಣ್ಣವನ್ನು ಬಳಿದು, ನಟ್ಟನಡುವೆ ಮೇಲಿಂದ ಕೆಳಗೆ ಒಂದು ಅಂಟುಪಟ್ಟಿಯನ್ನು ಹಚ್ಚಿ, ಅದರಮೇಲೆ ತಿಳಿಗೆಂಪನ್ನು ತೀಡಿ ನಿಲ್ಲಿಸಿದನು. ಪಟ್ಟಿಯನ್ನು ಕಿತ್ತು ಕೆಲಸವನ್ನು ಮುಂದುವರಿಸುವ ಬದಲು ಹಲವು ತಿಂಗಳು ಅದನ್ನೇ ನೋಡುತ್ತ, ತಾನು ಮಾಡಿರುವುದೇನೆಂದು ಆಲೋಚಿಸಿದನು. ಆ ಪಟ್ಟಿಯು ಕ್ಷೇತ್ರವನ್ನು ಎರಡಾಗಿ ಒಡೆಯಲಿಲ್ಲ. ಎರಡು ಪಾರ್ಶ್ವಗಳನ್ನೂ ಒಂದಾಗಿ ಹಿಡಿದು ನಿಲ್ಲಿಸಿತು. ೧೯೫೦-೫೧ರಲ್ಲಿ ಆತನು ಸುಮಾರು ೮ ಅಡಿ ಎತ್ತರ, ೧೮ ಅಡಿ ಅಗಲದ ಕೆಂಪು ಪಟವೊಂದನ್ನು ರಚಿಸಿ, ಐದು ನೀಳವಾದ ಪಟ್ಟಿಗಳನ್ನು ಅದರಲ್ಲಿ ಎಳೆದು, ಲ್ಯಾಟಿನ್ ಭಾಷೆಯಲ್ಲಿ ಧೀರೋದಾತ್ತ ಪುರುಷನೆಂಬ ಅರ್ಥ ಬರುವಂತೆ ಹೆಸರಿಟ್ಟನು. ದೊಡ್ಡ ಚಿತ್ರವನ್ನು ದೂರ ನಿಂತು ನೋಡುವುದು ವಾಡಿಕೆ. ಈತನಾದರೋ ಪ್ರೇಕ್ಷಕರು ಹತ್ತಿರ ನಿಂತೇ ನೋಡಬೇಕೆಂದು ಪ್ರದರ್ಶನದಲ್ಲಿ ಬರೆದು ಹಾಕಿಸಿದನು. ಹತ್ತಿರ ನಿಂತವನಿಗೆ ಪಟದ ಅಂಚುಗಳು ಕಾಣವು. ಕೆಂಪು ಎದುರಿಗಿರುವ ವಸ್ತುವಾಗಿ ಉಳಿಯದೆ ಅವನನ್ನು ಸುತ್ತುವರಿಯುವ ಸನ್ನಿವೇಶವಾಗುತ್ತದೆ. ನೇರವಾಗಿ ನಿಂತ ಪಟ್ಟಿಯು ನೋಡುವವನ ನಿಲುವಿಗೇ ಪ್ರತಿಯಾಗುತ್ತದೆ. ಪಟದಲ್ಲಿ ಪುರುಷನ ರೂಪವಿಲ್ಲದಿದ್ದರೇನು? ಎದುರಿಗೆ ನಿಂತವನೇ ಆ ಪುರುಷನು. ವಿಭಾವವು ಇಲ್ಲವಾಗಲಿಲ್ಲ, ಪಟದಿಂದ ಈಚೆಗೆ ಬಂದಿತು.

ರಾಥ್ಕೊವಿನ ಮಾರ್ಗ ಬೇರೆ. ೧೯೦೩ರಲ್ಲಿ ಅಂದಿನ ರಷ್ಯಾ ಸಾಮ್ರಾಜ್ಯದ ದ್ವಿನ್ಸ್ಕ್ ಎಂಬ ಊರಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕವನ್ನು ಸೇರಿದ ಈತನು, ೧೯೪೯-೫೦ರ ಹೊತ್ತಿಗೆ ತನ್ನ ಶೈಲಿಯನ್ನು ಕಂಡುಕೊಂಡನು. ಎರಡು ಮೂರು ಆಯತಗಳು ಒಂದರ ಮೇಲೊಂದು ತೇಲುತ್ತಿರುವಂತೆ ನಿಲ್ಲುತ್ತವೆ. ಅವುಗಳ ಅಂಚು ಮಸಕು. ಬಣ್ಣವು ತೆಳುವಾಗಿ ಪದರಪದರವಾಗಿ ಹಚ್ಚಲ್ಪಟ್ಟು ಒಳಗಿನಿಂದ ಬೆಳಗುವಂತೆ ತೋರುತ್ತದೆ. ತನ್ನನ್ನು ವರ್ಣಗಾರನೆಂದು ಹೊಗಳುವವರನ್ನು ಈತನು ಒಪ್ಪುತ್ತಿರಲಿಲ್ಲ. ಬಣ್ಣಬಣ್ಣಗಳ ಸಂಬಂಧ ತನಗೆ ಬೇಕಾದುದಲ್ಲ, ಮಾನವನ ಮೂಲಭಾವಗಳಾದ ದುರಂತಶೋಕ, ಆನಂದೋದ್ರೇಕ ಮೊದಲಾದವುಗಳ ಪ್ರಕಾಶನವೇ ತನ್ನ ಉದ್ದೇಶವೆಂದು ಹೇಳಿಕೊಂಡನು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಾಟ್ಯಶಾಸ್ತ್ರವು ರಸಗಳಿಗೆ ವರ್ಣಗಳನ್ನು ವಿಧಿಸಿದೆ: ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ರೌದ್ರಕ್ಕೆ ಕೆಂಪು, ಅದ್ಭುತಕ್ಕೆ ಹಳದಿ. ಅದು ಸಂಕೇತ. ಸಂಕೇತವನ್ನು ಅರಿತವನಿಗೆ ಅರ್ಥವು ಅಭಿಧೆಯಿಂದಲೇ ಲಭಿಸುತ್ತದೆ. ರಾಥ್ಕೊವಿನಲ್ಲಿ ಅಂಥ ಕೋಷ್ಟಕವಿಲ್ಲ. ಒಂದು ಪಟದಲ್ಲಿ ಉಲ್ಲಾಸವನ್ನು ತಂದ ಕೆಂಪೇ, ಪಕ್ಕದ ಕಪ್ಪಿನಿಂದಲೂ ಅಂಚಿನ ನಡುಕದಿಂದಲೂ ಇನ್ನೊಂದರಲ್ಲಿ ಗಾಢವಾದ ವಿಷಾದವನ್ನು ತರುತ್ತದೆ. ವರ್ಣವು ಇಲ್ಲಿ ವಾಚಕವಲ್ಲ, ವ್ಯಂಜಕ. ಭಾವವು ಧ್ವನಿಯಿಂದಲೇ ಹೊರಡತಕ್ಕದ್ದು.

ತನ್ನ ಚಿತ್ರವು ಎಲ್ಲಿರಬೇಕೆಂಬ ವಿಷಯದಲ್ಲಿಯೂ ಈತನ ನಿಷ್ಠೆ ಕಠಿಣವಾದುದು. ೧೯೫೮ರಲ್ಲಿ ನ್ಯೂಯಾರ್ಕಿನ ಸೀಗ್ರಂ ಭವನದ ಭೋಜನಶಾಲೆಗೆ ಚಿತ್ರಮಾಲೆಯೊಂದನ್ನು ಬರೆಯಲು ಒಪ್ಪಿ, ಹಲವು ಪಟಗಳನ್ನು ಸಿದ್ಧಪಡಿಸಿದ ಮೇಲೆ, ಧನಿಕರ ಊಟದ ಕೋಣೆ ಅವಕ್ಕೆ ತಕ್ಕ ಸ್ಥಳವಲ್ಲವೆಂದು ಹಣವನ್ನು ಹಿಂದಿರುಗಿಸಿದನು. ಅವುಗಳಲ್ಲಿ ಒಂಬತ್ತನ್ನು ಲಂಡನ್ನಿನ ಟೇಟ್ ಚಿತ್ರಶಾಲೆಗೆ ದಾನಮಾಡಿದನು. ಆ ಪಟಗಳು ಲಂಡನ್ನನ್ನು ಮುಟ್ಟಿದ ೧೯೭೦ರ ಫೆಬ್ರುವರಿ ೨೫ರಂದೇ ಈತನು ಆತ್ಮಹತ್ಯೆಯಿಂದ ಮರಣ ಹೊಂದಿದನು. ಹೂಸ್ಟನ್ ನಗರದಲ್ಲಿ ಈತನ ೧೪ ಕಪ್ಪುಛಾಯೆಯ ಪಟಗಳಿಗಾಗಿಯೇ ಕಟ್ಟಿದ ಪ್ರಾರ್ಥನಾಮಂದಿರವು ೧೯೭೧ರಲ್ಲಿ ಸರ್ವಮತದವರಿಗೂ ತೆರೆಯಲ್ಪಟ್ಟಿತು.

ಎರಡನೆಯ ಘಟ್ಟದಲ್ಲಿ ಈ ಕಲೆಯ ಸ್ವಭಾವವೇ ಬದಲಾಯಿತು. ೧೯೫೨ರ ಅಕ್ಟೋಬರಿನಲ್ಲಿ, ಇಪ್ಪತ್ತಮೂರು ವರ್ಷದ ಹೆಲೆನ್ ಫ್ರಾಂಕೆಂತಾಲರ್ ಎಂಬಾಕೆ, ಹಸನುಗೊಳಿಸದ ಕ್ಯಾನ್ವಾಸನ್ನು ನೆಲದಮೇಲೆ ಹಾಸಿ, ಟರ್ಪೆಂಟೈನಿನಿಂದ ನೀರಾಗಿಸಿದ ತೈಲವರ್ಣವನ್ನು ಅದರಮೇಲೆ ಹೊಯ್ದು, 'ಪರ್ವತಗಳು ಮತ್ತು ಸಮುದ್ರ' ಎಂಬ ಚಿತ್ರವನ್ನು ರಚಿಸಿದಳು. ಬಣ್ಣವು ಬಟ್ಟೆಯಮೇಲೆ ಕೂರದೆ ಬಟ್ಟೆಯೊಳಗೆ ಇಳಿಯಿತು. ಮರುವರ್ಷ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗನು ವಾಷಿಂಗ್ಟನ್ನಿನ ಮಾರಿಸ್ ಲೂಯಿಸ್, ಕೆನೆತ್ ನೋಲೆಂಡ್ ಎಂಬಿಬ್ಬರನ್ನು ಕರೆತಂದು ಇದನ್ನು ತೋರಿಸಿದನು. ಲೂಯಿಸನು ತನ್ನ ಮನೆಯ ಕಿರಿದಾದ ಊಟದ ಕೋಣೆಯಲ್ಲಿ, ಕೋಣೆಗಿಂತ ದೊಡ್ಡ ಬಟ್ಟೆಗಳಮೇಲೆ ತೆಳುವರ್ಣವನ್ನು ಹರಿಯಬಿಟ್ಟು, ಜವನಿಕೆಯಂತೆ ಒಂದರಮೇಲೊಂದು ಇಳಿಬಿದ್ದ ಛಾಯೆಗಳನ್ನು ಸಾಧಿಸಿದನು. ನೋಲೆಂಡನು ಏಕಕೇಂದ್ರದ ವೃತ್ತಗಳನ್ನೂ ಕೋನಪಟ್ಟೆಗಳನ್ನೂ ಬರೆದನು. ೧೯೬೪ರಲ್ಲಿ ಗ್ರೀನ್‌ಬರ್ಗನು ಲಾಸ್ ಏಂಜಲೀಸಿನಲ್ಲಿ ೩೧ ಮಂದಿಯ ಪ್ರದರ್ಶನವೊಂದನ್ನು ಏರ್ಪಡಿಸಿ, ಈ ಮಾರ್ಗಕ್ಕೆ ಶಾಸ್ತ್ರದ ಮುದ್ರೆಯೊತ್ತಿದನು.

ಪ್ರತಿಯೊಂದು ಕಲೆಯೂ ತನಗೇ ಅಸಾಧಾರಣವಾದ ಧರ್ಮವನ್ನು ಮಾತ್ರ ಉಳಿಸಿಕೊಳ್ಳಬೇಕು, ಚಿತ್ರಕ್ಕೆ ಆ ಧರ್ಮವು ಪಟದ ಚಪ್ಪಟೆತನ ಎಂಬುದು ಆತನ ಸಿದ್ಧಾಂತದ ಸಾರ. ಇದರಿಂದ ಬಂದ ಲಾಭವನ್ನು ಅಲ್ಲಗಳೆಯಲಾಗದು. ಲೂಯಿಸನ ಪಟಗಳ ನೈರ್ಮಲ್ಯ, ನೋಲೆಂಡನ ವೃತ್ತಗಳ ಲವಲವಿಕೆ ಹಿಂದಿನವರಲ್ಲಿ ಇರಲಿಲ್ಲ. ಆದರೆ ಲಕ್ಷ್ಯವನ್ನು ನೋಡಿ ಲಕ್ಷಣವನ್ನು ಹೇಳುವುದು ಶಾಸ್ತ್ರಕ್ರಮ. ಲಕ್ಷಣವನ್ನು ಮುಂದಿಟ್ಟುಕೊಂಡು ಲಕ್ಷ್ಯವನ್ನು ತಯಾರಿಸಹೊರಟರೆ ಕಾವ್ಯದಲ್ಲಾಗುವ ಹಾನಿಯೇ ಚಿತ್ರದಲ್ಲಿಯೂ ಆಗುತ್ತದೆ. ನ್ಯೂಮನ್ ರಾಥ್ಕೊಗಳಲ್ಲಿ ವರ್ಣವು ಒಂದು ಭಾರವನ್ನು ಹೊತ್ತಿತ್ತು. ತರುವಾಯದ ಹಲವರಲ್ಲಿ ಭಾರವಿಳಿದು ಅಂದವುಳಿಯಿತು. ಅಲಂಕಾರವೂ ಬೇಡವಾದುದಲ್ಲ, ಆದರೆ ಅಲಂಕಾರ್ಯವಿಲ್ಲದ ಅಲಂಕಾರಕ್ಕೆ ಕಣ್ಣು ಬೇಗ ಬಳಲುತ್ತದೆ.

ಇನ್ನು ಪೂರ್ವಪಕ್ಷಕ್ಕೆ ಉತ್ತರ. ಕೂಲಿಯವನ ಬಳಿತಕ್ಕೂ ಇದಕ್ಕೂ ಭೇದವೇನೆಂಬುದನ್ನು ಎರಡು ದುರ್ಘಟನೆಗಳು ತೋರಿಸಿಕೊಟ್ಟಿವೆ. 'ಕೆಂಪು, ಹಳದಿ, ನೀಲಿಗಳಿಗೆ ಅಂಜುವವರಾರು' ಎಂಬ ಹೆಸರಿನ ನ್ಯೂಮನನ ಮೂರನೆಯ ಪಟವನ್ನು ೧೯೮೬ರಲ್ಲಿ ಆಂಸ್ಟರ್‌ಡಾಂ ನಗರದ ಸ್ಟೆಡಲಿಕ್ ವಸ್ತುಸಂಗ್ರಹಾಲಯದಲ್ಲಿ ಒಬ್ಬನು ಚೂರಿಯಿಂದ ಸೀಳಿದನು. ದುರಸ್ತಿಯಾಗಿ ೧೯೯೧ರಲ್ಲಿ ಅದು ಮರಳಿ ಬಂದಾಗ, ಕೆಂಪಿನ ಆಳವೇ ಹೋಯಿತು, ಪಟವು ಸತ್ತಿತು ಎಂದು ಬಲ್ಲವರು ದೊಡ್ಡ ಆಕ್ಷೇಪವನ್ನೆತ್ತಿದರು. ಬರಿಯ ಕೆಂಪನ್ನು ಯಾರು ಬೇಕಾದರೂ ಬಳಿಯಬಹುದಾಗಿದ್ದರೆ ಈ ಆಕ್ಷೇಪಕ್ಕೆ ಎಡೆಯೇ ಇರುತ್ತಿರಲಿಲ್ಲ. ಇನ್ನೊಂದು ರಾಥ್ಕೊವಿನದು. ೧೯೬೪ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೋಜನದ ಕೋಣೆಯೊಂದರಲ್ಲಿ ತೂಗುಹಾಕಿದ ಪಟಗಳು, ಅವುಗಳಲ್ಲಿದ್ದ ಒಂದು ಕೆಂಪು ಬಿಸಿಲಿಗೆ ನಿಲ್ಲದ ಜಾತಿಯದಾದುದರಿಂದ, ಮಾಸಿಹೋಗಿ ೧೯೭೯ರಲ್ಲಿ ಉಗ್ರಾಣ ಸೇರಿದವು. ೨೦೧೪ರಲ್ಲಿ ಪಂಡಿತರು ಅವನ್ನು ಕುಂಚದಿಂದ ಮುಟ್ಟದೆ, ಮಾಸಿದ ಕಡೆಗಳಲ್ಲಿ ಲೆಕ್ಕಹಾಕಿದ ಬೆಳಕನ್ನು ಬಿಟ್ಟು ಮೊದಲಿನ ವರ್ಣವನ್ನು ತೋರಿಸಿದರು. ಬಣ್ಣ ಮಾಸಿದ ಭಿತ್ತಿಚಿತ್ರದಲ್ಲಿ ರೇಖೆಯಾದರೂ ಉಳಿದು ಕಥೆಯನ್ನು ಹೇಳುತ್ತದೆ. ವರ್ಣವನ್ನೇ ಪ್ರಾಣವಾಗಿ ಮಾಡಿಕೊಂಡ ಚಿತ್ರದಲ್ಲಿ ವರ್ಣವು ಹೋದರೆ ಉಳಿಯುವುದು ಬಟ್ಟೆ.

ಆದುದರಿಂದ ವರ್ಣಮಾತ್ರದಿಂದ ರಸವುಂಟೆ ಎಂಬ ಪ್ರಶ್ನೆಗೆ, ಮಾತ್ರವೆಂಬ ಶಬ್ದವನ್ನು ತಿದ್ದಿಯೇ ಉತ್ತರ ಹೇಳಬೇಕು. ಈ ಪಟಗಳಲ್ಲಿ ಕೆಲಸ ಮಾಡುವುದು ವರ್ಣದೊಡನೆ ಅಳತೆ, ಅಂಚು, ಪದರ, ನೋಡುವವನು ನಿಲ್ಲುವ ದೂರ, ನೋಡುವುದಕ್ಕೆ ಕೊಡುವ ಹೊತ್ತು. ಇವೆಲ್ಲ ಕೂಡಿದಾಗ ವಿಭಾವದ ಸ್ಥಾನವು ತುಂಬುತ್ತದೆ. ಕೂಡದಿದ್ದಾಗ ಪೂರ್ವಪಕ್ಷಿಯ ಮಾತೇ ನಿಲ್ಲುತ್ತದೆ. ಪುಸ್ತಕದಲ್ಲಿ ಅಂಗೈಯಗಲಕ್ಕೆ ಅಚ್ಚಾದ ಪ್ರತಿಯಲ್ಲಿ ಇವುಗಳಲ್ಲಿ ಒಂದೂ ಉಳಿಯುವುದಿಲ್ಲ. ಅಚ್ಚಿನ ಪ್ರತಿಯೊಂದನ್ನೇ ಕಂಡು ಈ ಕಲೆಯನ್ನು ಹಳಿಯುವವರೂ ಹೊಗಳುವವರೂ ಸಮಾನವಾಗಿ ಆತುರಪಟ್ಟವರೇ. ಮೂಲಪಟವು ಎದುರಾಗುವ ಅವಕಾಶ ಒದಗಿದಾಗ ಹತ್ತಿರ ನಿಂತು, ಹೆಸರು ಪಟ್ಟಿಗಳನ್ನು ಓದುವುದಕ್ಕೆ ಮೊದಲು ಸ್ವಲ್ಪ ಹೊತ್ತು ಮೌನವಾಗಿ ನೋಡಿ, ಆಮೇಲೆ ತೀರ್ಪು ಹೇಳುವುದು ಸಹೃದಯರಿಗೆ ಯೋಗ್ಯವಾದ ಕ್ರಮ.