ಕೈಗೆ ಹಬ್ಬ, ನೆತ್ತರಿಗೆ ಉಪವಾಸ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿರುವ ನನ್ನ ಸೋದರಮಾವನ ಮಗನ ಅಡುಗೆಮನೆಯಲ್ಲಿ, ಉಪ್ಪಿನಕಾಯಿ ಜಾಡಿಯ ಪಕ್ಕ ಒಂದು ಪ್ಲಾಸ್ಟಿಕ್ ಸೀಸೆ ನಿಂತಿತ್ತು. ಮೈಮೇಲೆ ಮಾವಿನಹಣ್ಣಿನ ಚಿತ್ರ, ಅದರ ಕೆಳಗೆ ದೊಡ್ಡದೊಂದು ಸೊನ್ನೆ. 60 ಮಿ.ಲೀ. ಹಿಡಿಯುವ ಸೀಸೆಯಲ್ಲಿ 50 ಮಾತ್ರ ತುಂಬಿತ್ತು. ‘ಇದರಲ್ಲಿ ನಿಕೋಟಿನ್ ಇಲ್ಲ ಕಣೋ, ಬರೀ ಹಬೆ. ಸಿಗರೇಟು ಕಮ್ಮಿ ಮಾಡೋಕೆ’ ಅಂದ. ಮೇಲಿನ ಜಾಗ ಯಾಕೆ ಖಾಲಿ ಎಂದು ಕೇಳಿದೆ. ಅಲ್ಲಿನ ಕಾನೂನಿನಂತೆ ನಿಕೋಟಿನ್ ಇರುವ ವೇಪ್ (ಇ-ಸಿಗರೇಟು) ದ್ರವವನ್ನು 10 ಮಿ.ಲೀ.ಗಿಂತ ದೊಡ್ಡ ಸೀಸೆಯಲ್ಲಿ ಮಾರುವಂತಿಲ್ಲ. ನಿಕೋಟಿನ್ ಇಲ್ಲದ್ದಕ್ಕೆ ಆ ಕಟ್ಟಿಲ್ಲ. ಹಾಗಾಗಿ ತಯಾರಕರು ಸೊನ್ನೆಯ ದೊಡ್ಡ ಸೀಸೆ ಮಾರುತ್ತಾರೆ, ಮಿ.ಲೀ.ಗೆ 18 ಮಿಲಿಗ್ರಾಂ ನಿಕೋಟಿನ್ ಇರುವ ಪುಟ್ಟ ಸೀಸೆಯನ್ನು ಬೇರೆಯಾಗಿ ಮಾರುತ್ತಾರೆ. ಎರಡನ್ನೂ ಬೆರೆಸಿ ಕುಲುಕಿದರೆ ಮಿ.ಲೀ.ಗೆ 3 ಮಿಲಿಗ್ರಾಂ. ಇವನು ಮಾತ್ರ ಬೆರೆಸದೆ, ಸೊನ್ನೆಯನ್ನು ಸೊನ್ನೆಯಾಗಿಯೇ ಸೇದುತ್ತಿದ್ದ.

ಸೇದಿದ ಸಿಗರೇಟಿಗೊಂದರಂತೆ ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆದಿದ್ದ. ಬೆಳಗಿನ ಗೆರೆ ಮೇಲೆ, ರಾತ್ರಿಯದು ಕೆಳಗೆ. ಆ ಗೆರೆಗಳಿಗೆ ಆಮೇಲೆ ಬರುತ್ತೇನೆ. ಮೊದಲು ಈ ಉಪಾಯವನ್ನೇ ತೂಗಿ ನೋಡಬೇಕು.

ಉಪಾಯದ ಹಿಂದಿರುವ ತರ್ಕ ಸರಳ, ಮೊದಲ ನೋಟಕ್ಕೆ ಜಾಣತನದ್ದು. ಸಿಗರೇಟಿನ ಚಟದಲ್ಲಿ ಎರಡು ಹಗ್ಗಗಳು ಹೊಸೆದುಕೊಂಡಿವೆ. ಒಂದು ನೆತ್ತರಿನದು: ಎಳೆದ ದಮ್ಮಿನ ನಿಕೋಟಿನ್ ಹೆಚ್ಚೂಕಡಿಮೆ ಹತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ, ಸುಮಾರು ಎರಡು ಗಂಟೆಗೆ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಇಡೀ ರಾತ್ರಿ ಮಲಗಿ ಎದ್ದವನ ರಕ್ತದಲ್ಲಿ ಅದು ತಳ ಕಂಡಿರುತ್ತದೆ. ಕಣ್ಣು ಬಿಟ್ಟೊಡನೆ ಪ್ಯಾಕು ತಡಕುವ ಕೈಗೆ ಅಪ್ಪಣೆ ಕೊಡುವುದು ಆ ಖಾಲಿತನ. ಇನ್ನೊಂದು ಕೈಬಾಯಿಯ ಹಗ್ಗ. ಟೀ ಅಂಗಡಿಯ ಮುಂದೆ ಲೋಟ ಹಿಡಿದರೆ ಇನ್ನೊಂದು ಕೈ ಬೆತ್ತಲೆ ಅನಿಸುತ್ತದೆ. ಊಟ ಮುಗಿದರೆ, ಫೋನು ಬಂದರೆ, ಆಫೀಸಿನಲ್ಲಿ ಜಗಳವಾದರೆ ಬೆರಳ ನಡುವೆ ಏನೋ ಬೇಕು, ಗಂಟಲಿಗೆ ಏನೋ ತಾಗಬೇಕು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ಜೆಡ್ ರೋಸ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯನ್ನು ರೂಪಿಸಿದವರಲ್ಲಿ ಒಬ್ಬರು. ನಿಕೋಟಿನ್ ತೆಗೆದ ಸಿಗರೇಟು ಕೂಡ ಸೇದುವ ಹಂಬಲವನ್ನು ಸ್ವಲ್ಪ ಹೊತ್ತು ತಣಿಸುತ್ತದೆ ಎಂದು ತೋರಿಸಿದವರಲ್ಲೂ ಅವರಿದ್ದಾರೆ. ಅಂದರೆ ಎರಡನೆಯ ಹಗ್ಗ ಬರೀ ಮನಸ್ಸಿನ ನೆಪವಲ್ಲ.

ಸೊನ್ನೆಯ ವೇಪು ಈ ಎರಡನೆಯ ಹಗ್ಗಕ್ಕೆ ಮಾತ್ರ ಕೈಹಾಕುತ್ತದೆ. ಬ್ಯಾಟರಿ, ಹತ್ತಿಯೊಳಗೆ ಸುತ್ತಿದ ಲೋಹದ ಸುರುಳಿ, ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್, ಒಂದಿಷ್ಟು ಸುವಾಸನೆ. ಗುಂಡಿ ಒತ್ತಿದರೆ ಸುರುಳಿ ಕಾದು ದ್ರವ ಹಬೆಯಾಗುತ್ತದೆ. ಇಲ್ಲಿ ಯಾವುದೂ ಸುಡದ ಕಾರಣ ಸಿಗರೇಟಿನ ಟಾರೂ ಇಲ್ಲ, ಹೊಗೆಯ ಕಾರ್ಬನ್ ಮೊನಾಕ್ಸೈಡೂ ಇಲ್ಲ. ಆದರೆ ಸೇದುವವರು ‘ಗಂಟಲಿಗೆ ಹೊಡೀಬೇಕು’ ಅನ್ನುತ್ತಾರಲ್ಲ, ಆ ಹೊಡೆತದ ಬಹುಪಾಲು ನಿಕೋಟಿನ್ನಿನದೇ. ನಾನೂ ಒಂದು ದಮ್ಮು ಎಳೆದು ನೋಡಿದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುವ ಹಬೆಗೆ ಮಾವಿನ ಎಸೆನ್ಸ್ ಬೆರೆತಂತಿತ್ತು. ಕೈಗೆ ಕೆಲಸ ಸಿಕ್ಕಿತು, ಕಣ್ಣಿಗೆ ಮೋಡ ಕಂಡಿತು, ಎದೆಗೆ ಏನೂ ಮುಟ್ಟಲಿಲ್ಲ.

ಇದನ್ನು ನನ್ನ ನಾಲಿಗೆಯ ಮಾತಿಗೆ ಬಿಡಬೇಕಿಲ್ಲ, ಪರೀಕ್ಷೆಗಳಿವೆ. ಇಟಲಿಯ ಕಟಾನಿಯಾದಲ್ಲಿ, ಬಿಡುವ ಮನಸ್ಸೇ ಇಲ್ಲದ 300 ಧೂಮಪಾನಿಗಳನ್ನು ಮೂರು ಗುಂಪು ಮಾಡಿ ಇ-ಸಿಗರೇಟು ಕೊಟ್ಟರು. ಒಂದು ಗುಂಪಿಗೆ ನಿಕೋಟಿನ್ ಇದ್ದದ್ದು, ಇನ್ನೊಂದಕ್ಕೆ ನಡುವೆ ಪ್ರಮಾಣ ಇಳಿಸಿದ್ದು, ಮೂರನೆಯದಕ್ಕೆ ಸೊನ್ನೆಯದು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರ್ಷದ ಕೊನೆಗೆ ಸಿಗರೇಟು ಪೂರ್ತಿ ಬಿಟ್ಟವರು ಕ್ರಮವಾಗಿ ಶೇ. 13, ಶೇ. 9, ಶೇ. 4. ಅದೇ ವರ್ಷ ನ್ಯೂಜಿಲೆಂಡಿನಿಂದ, ಬಿಡಲು ಬಯಸಿದ 657 ಮಂದಿಯ ಪರೀಕ್ಷೆ ಬಂತು. ಆರು ತಿಂಗಳಲ್ಲಿ ನಿಕೋಟಿನ್ ಇದ್ದ ಇ-ಸಿಗರೇಟಿನಿಂದ ಬಿಟ್ಟವರು ಶೇ. 7.3, ನಿಕೋಟಿನ್ ಪಟ್ಟಿಯಿಂದ ಶೇ. 5.8, ಸೊನ್ನೆಯದರಿಂದ ಶೇ. 4.1. ಆ ಪರೀಕ್ಷೆಯಲ್ಲಿ ಈ ಅಂತರಗಳು ಖಚಿತ ಎನ್ನುವಷ್ಟು ದೊಡ್ಡವಾಗಿರಲಿಲ್ಲ. ಆದರೂ ಎರಡೂ ಕಡೆ ಸೊನ್ನೆ ಕೊನೆಯ ಸಾಲಿನಲ್ಲೇ ಕೂತಿದೆ. ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಮೀಕ್ಷೆಯೂ ಬಿಡಿಸುವುದರಲ್ಲಿ ನಿಕೋಟಿನ್ ಇರುವುದೇ ಮೇಲು ಎನ್ನುತ್ತದೆ.

ಕಟಾನಿಯಾದ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿಯಿದೆ, ಸೊನ್ನೆಯ ಪರ ವಾದಿಸುವವರು ಹಿಡಿದುಕೊಳ್ಳುವುದು ಅದನ್ನೇ. ದಿನಕ್ಕೆ ಸೇದುವ ಸಿಗರೇಟಿನ ಎಣಿಕೆ ಮೂರೂ ಗುಂಪುಗಳಲ್ಲಿ ಇಳಿಯಿತು. ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಹಾಗಾದರೆ ‘ಬಿಡೋಕೆ ಅಲ್ಲ, ಕಮ್ಮಿ ಮಾಡೋಕೆ’ ಅನ್ನುವವನಿಗೆ ಸೊನ್ನೆಯೇ ಸಾಕಲ್ಲವೆ?

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಸಿಗರೇಟಿನಲ್ಲಿ ಕಮ್ಮಿ ಎನ್ನುವುದಕ್ಕೆ ಕಿರಾಣಿ ಅಂಗಡಿಯ ಲೆಕ್ಕ ಹೊಂದುವುದಿಲ್ಲ. ಅರ್ಧ ಸೇದಿದರೆ ಅರ್ಧ ಅಪಾಯ ಎಂದಾಗಿದ್ದರೆ ಚೆನ್ನಿತ್ತು. 2018ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದಿನಕ್ಕೆ ಇಪ್ಪತ್ತು ಸೇದುವವನಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಹೆಚ್ಚುತ್ತದೋ ಅದರ ಹೆಚ್ಚುಕಡಿಮೆ ಅರ್ಧ, ದಿನಕ್ಕೆ ಒಂದೇ ಸೇದುವವನಿಗೂ ಇದೆ. ಶ್ವಾಸಕೋಶದ ಕ್ಯಾನ್ಸರಿನ ಲೆಕ್ಕ ಬೇರೆ. ಅಲ್ಲಿ ಕಡಿಮೆ ಸೇದಿದಷ್ಟೂ ಅಪಾಯ ಕಡಿಮೆ. ಹೃದಯ ಮಾತ್ರ ಅಂಥ ರಿಯಾಯಿತಿ ಕೊಡುವುದಿಲ್ಲ. ಸಾಲದ್ದಕ್ಕೆ, ಎಣಿಕೆ ಇಳಿಸಿದವನು ಉಳಿದ ಸಿಗರೇಟುಗಳನ್ನು ಇನ್ನಷ್ಟು ಆಳಕ್ಕೆ, ಫಿಲ್ಟರ್ ಸುಡುವ ತನಕ ಎಳೆಯುತ್ತಾನೆ. ಹನ್ನೆರಡರ ನಿಕೋಟಿನ್ನನ್ನು ಎಂಟರಿಂದಲೇ ಹಿಂಡಿಕೊಳ್ಳುವ ವಿದ್ಯೆ ದೇಹಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಈ ಉಪಾಯದ ಮೂಲ ದೋಷ ಇದು. ನಿಕೋಟಿನ್ ಎಂದರೆ ವಿಷ, ಅದನ್ನು ತೆಗೆದುಬಿಟ್ಟರೆ ಒಳ್ಳೆಯದು ಎಂಬ ನಂಬಿಕೆಯಿಂದ ಸೊನ್ನೆ ಹುಟ್ಟಿದೆ. ನಿಕೋಟಿನ್ ಚಟಕ್ಕೆ ಕಟ್ಟಿಹಾಕುತ್ತದೆ, ನಿಜ. ಆದರೆ ಸಿಗರೇಟು ಸೇದುವವರನ್ನು ಕೊಲ್ಲುವ ಕೆಲಸದ ಬಹುಪಾಲನ್ನು ಮಾಡುವುದು ಸುಡುವ ಎಲೆಯ ಹೊಗೆ. ಸೊನ್ನೆಯ ವೇಪು ಹಿಡಿದು ಜೊತೆಗೆ ಆರೋ ಎಂಟೋ ಸಿಗರೇಟು ಉಳಿಸಿಕೊಂಡವನಿಗೆ ನಿಕೋಟಿನ್ ಸಿಗುವ ಅಂಗಡಿ ಒಂದೇ ಉಳಿಯುತ್ತದೆ: ಸಿಗರೇಟು. ಹೊಗೆ ಬಿಡಬೇಕಾದವನು ಹೊಗೆಗೇ ಏಕಸ್ವಾಮ್ಯ ಬರೆದುಕೊಟ್ಟಂತಾಯಿತು.

ಸೊನ್ನೆ ನಿರಪಾಯ ಎಂಬ ಮಾತಿಗೂ ಅಂಚು ಕಟ್ಟಬೇಕು. 2019ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು, ಎಂದೂ ಸೇದದ 31 ಆರೋಗ್ಯವಂತ ಯುವಜನರಿಗೆ ನಿಕೋಟಿನ್ ಇಲ್ಲದ ವೇಪನ್ನು ಒಮ್ಮೆ ಸೇದಿಸಿ ಎಂ.ಆರ್.ಐ. ಮಾಡಿದರು. ತೊಡೆಯ ಅಪಧಮನಿ ಹಿಗ್ಗುವ ಶಕ್ತಿ ಸ್ವಲ್ಪ ಹೊತ್ತಿನ ಮಟ್ಟಿಗೆ ಶೇ. 34ರಷ್ಟು ಕುಗ್ಗಿತ್ತು. ಲೇಬಲ್ಲಿನ ಸೊನ್ನೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಪರೀಕ್ಷಿಸಿದ ‘ನಿಕೋಟಿನ್ ರಹಿತ’ ಕಾರ್ಟ್ರಿಜ್‌ಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಅಲ್ಪಸ್ವಲ್ಪ ನಿಕೋಟಿನ್ ಸಿಕ್ಕಿತ್ತು. ಹಾಗೆಂದು ಈ ಹಬೆಯನ್ನು ಸಿಗರೇಟಿನ ಸಮಕ್ಕೆ ನಿಲ್ಲಿಸುವುದೂ ತಪ್ಪೇ.

ನಮ್ಮಲ್ಲಿ ಈ ಚರ್ಚೆ ಕಾನೂನಿನ ಹೊಸ್ತಿಲಲ್ಲೇ ಮುಗಿಯುತ್ತದೆ. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು, 2019ರಲ್ಲಿ ಕೇಂದ್ರದ ಕಾಯ್ದೆ ಬಂತು. ನಿಕೋಟಿನ್ ಇರಲಿ, ಇಲ್ಲದಿರಲಿ, ಕಾಯಿಸಿ ಹಬೆ ಎಬ್ಬಿಸುವ ಸಾಧನವೆಲ್ಲ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಆಮದು, ಮಾರಾಟ, ಜಾಹೀರಾತಿಗೆ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೆಂಗಳೂರಿನ ಗಲ್ಲಿಯಲ್ಲಿ ಕದ್ದು ಕೊಂಡ ಸೊನ್ನೆಯೊಳಗೆ ಏನಿದೆಯೆಂದು ಪರೀಕ್ಷಿಸಿ ಹೇಳುವವರಿಲ್ಲ. ಅದೇ ಗಲ್ಲಿಯ ಗೂಡಂಗಡಿಯಲ್ಲಿ ಸಿಗರೇಟು ಹಗಲುಹೊತ್ತೇ ಸಿಗುತ್ತದೆ. ಈ ತಾರತಮ್ಯವನ್ನು ಪ್ರಶ್ನಿಸಬಹುದು. ಆದರೆ ಅದರ ಹೆಸರಿನಲ್ಲಿ ಸೊನ್ನೆಗೆ ಇಲ್ಲದ ಗುಣವನ್ನು ಆರೋಪಿಸಬೇಕಿಲ್ಲ.

ಹಾಗಾದರೆ ಇದು ಶುದ್ಧ ನಿಷ್ಪ್ರಯೋಜಕವೆ? ಅನ್ನಲಾರೆ. ನಿಕೋಟಿನ್ ಇರುವ ವೇಪಿನಿಂದ ಸಿಗರೇಟನ್ನು ಪೂರ್ತಿ ಬಿಟ್ಟು, ಮೆಲ್ಲಗೆ 18ರಿಂದ 12ಕ್ಕೆ, 6ಕ್ಕೆ, 3ಕ್ಕೆ ಇಳಿದವನಿಗೆ ಸೊನ್ನೆ ಕೊನೆಯ ಮೆಟ್ಟಿಲಾಗಬಹುದು. ಮೊದಲ ಮೆಟ್ಟಿಲಾಗಿ ಅದು ಕಾಲು ಜಾರಿಸುತ್ತದೆ. ಇನ್ನೊಂದು ಉಪಯೋಗ ಆ ಕ್ಯಾಲೆಂಡರಿನಲ್ಲಿ ಕಂಡಿತು. ಟೀ ಹೊತ್ತಿನ, ಊಟದ ನಂತರದ ಗೆರೆಗಳು ಎಷ್ಟೋ ದಿನ ಮಾಯವಾಗಿದ್ದವು. ಅವು ಕೈಯ ಸಿಗರೇಟುಗಳು, ಮಾವಿನ ಹಬೆಗೆ ಮೋಸಹೋದವು. ಎಲ್ಲಕ್ಕಿಂತ ಮೇಲಿನ ಗೆರೆ, ಎದ್ದೊಡನೆ ಸೇದುವುದರ ಗೆರೆ, ಒಂದು ದಿನವೂ ತಪ್ಪಿರಲಿಲ್ಲ. ಚಟದ ಎರಡು ಹಗ್ಗಗಳನ್ನು ಬಿಡಿಸಿ ತೋರಿಸಿದ ಆ ಕ್ಯಾಲೆಂಡರು ಸೀಸೆಗಿಂತ ಹೆಚ್ಚಿನ ಕೆಲಸ ಮಾಡಿತ್ತು.

ಕೈಯನ್ನು ಏಲಕ್ಕಿ, ಸೋಂಪು, ಲವಂಗ ಕೊಟ್ಟೂ ಸಮಾಧಾನಪಡಿಸಬಹುದು. ಅದಕ್ಕೆ ಬ್ಯಾಟರಿ ಬೇಕಿಲ್ಲ. ನೆತ್ತರಿಗೆ ನಿಕೋಟಿನ್ ಗಮ್ ಇದೆ, ಪಟ್ಟಿ ಇದೆ. ಎರಡೂ ನಮ್ಮ ಔಷಧದಂಗಡಿಯ ಸರಕು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇವೂ ಇವೆ, ವರೆನಿಕ್ಲಿನ್, ಬುಪ್ರೊಪಿಯಾನ್, ಸೈಟಿಸಿನ್ ಔಷಧಗಳೂ ಇವೆ. ಕನ್ನಡದಲ್ಲೇ ಮಾತಾಡಿ ದಾರಿ ಹೇಳುವ ತಂಬಾಕು ತ್ಯಜಿಸುವ ಸಹಾಯವಾಣಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಹೊರಡುವ ದಿನ ಆ ಸೀಸೆಯನ್ನು ಮತ್ತೆ ಕೈಗೆತ್ತಿಕೊಂಡೆ. ಒಳಗಿನ ಮಾವು ಸಾಕಷ್ಟು ಖರ್ಚಾಗಿತ್ತು, ಕ್ಯಾಲೆಂಡರಿನ ಮೇಲ್ಸಾಲು ಹಾಗೇ ಇತ್ತು. ಹೊರಗೆ ಸೊನ್ನೆ ಬರೆದ ತಯಾರಕನಿಗೆ ಗಿರಾಕಿಯ ನೆತ್ತರಿನ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಒಳಗೆ ಹತ್ತು ಮಿ.ಲೀ. ಜಾಗ ಬಿಟ್ಟಿದ್ದ.